ಮುಖ, ಹೆಸರು, ನೆಲ: ಚಾರಿತ್ರಿಕ ಭಾವಚಿತ್ರಗಳು ಭೂದೃಶ್ಯವಾಗುವ ಬಗೆ

1. ಪೀಠಿಕೆ

ಭಾವಚಿತ್ರ ಮತ್ತು ಭೂದೃಶ್ಯಗಳನ್ನು ಚಿತ್ರಕಲೆಯ ಎರಡು ಪ್ರತ್ಯೇಕ ಪ್ರಕಾರಗಳೆಂದು ಪರಿಗಣಿಸುವುದು ರೂಢಿ. ಮೊದಲನೆಯದು ವ್ಯಕ್ತಿಯ ಚಹರೆ, ಅಂತಸ್ತು, ಉಡುಗೆತೊಡುಗೆಗಳನ್ನು ದಾಖಲಿಸುತ್ತದೆ. ಎರಡನೆಯದು ನೆಲ, ನೀರು, ಬೆಟ್ಟ, ಬೆಳಕುಗಳನ್ನು ಚಿತ್ರಿಸುತ್ತದೆ. ಮುದ್ರಣಾಲಯಗಳಲ್ಲಿ ಹಾಗೂ ಗಣಕಯಂತ್ರಗಳಲ್ಲಿ ಪುಟವನ್ನು ಉದ್ದಕ್ಕೆ ನಿಲ್ಲಿಸುವ ಮತ್ತು ಅಡ್ಡಕ್ಕೆ ಮಲಗಿಸುವ ಕ್ರಮಗಳಿಗೂ ಈ ಎರಡು ಪ್ರಕಾರಗಳ ಇಂಗ್ಲಿಷ್ ಹೆಸರುಗಳೇ ಅಂಟಿಕೊಂಡಿವೆ. ಮನುಷ್ಯ ನಿಲ್ಲುತ್ತಾನೆ, ನೆಲ ಮಲಗುತ್ತದೆ ಎಂಬ ಗ್ರಹಿಕೆ ಈ ವಿಂಗಡಣೆಯ ಹಿಂದಿದೆ.

ಇತ್ತೀಚಿನ ದಶಕಗಳ ಚಿತ್ರಕಲೆಯಲ್ಲಿ ಈ ಗೆರೆ ಅಳಿಸಿಹೋಗುತ್ತಿರುವುದನ್ನು ಕಾಣಬಹುದು. ಹಳೆಯ ಭಾವಚಿತ್ರವೊಂದನ್ನು ಆಧಾರವಾಗಿ ಇಟ್ಟುಕೊಂಡು, ಅದರ ಸಂಯೋಜನೆಯನ್ನೂ ನೆಳಲು ಬೆಳಕಿನ ವಿನ್ಯಾಸವನ್ನೂ ಉಳಿಸಿಕೊಂಡು, ಮುಖವನ್ನು ಮಾತ್ರ ಕರಗಿಸುವುದು ಇಲ್ಲಿನ ಒಂದು ವಿಧಾನ. ಆಗ ನಿಲುವಂಗಿಯ ಮಡಿಕೆಗಳು ಇಳಿಜಾರುಗಳಾಗುತ್ತವೆ, ಭುಜದ ರೇಖೆ ದಿಗಂತವಾಗುತ್ತದೆ, ಹಣೆಯ ಮೇಲಿನ ಬೆಳಕು ಮೋಡದ ಅಂಚಾಗುತ್ತದೆ. ನೋಡುಗನಿಗೆ ಅದು ಸಂಪೂರ್ಣ ಅಮೂರ್ತವೂ ಅಲ್ಲ, ಗುರುತಿಸಬಹುದಾದ ವ್ಯಕ್ತಿಯೂ ಅಲ್ಲ. ಇಂತಹ ಅರೆ ಅಮೂರ್ತ ಕೃತಿಗಳನ್ನು ವಿಮರ್ಶಕರು ಸಾಮಾನ್ಯವಾಗಿ ಶೈಲಿಯ ನೆಲೆಯಲ್ಲಿ ಚರ್ಚಿಸುತ್ತಾರೆ. ಆದರೆ ವ್ಯಕ್ತಿಯೊಬ್ಬರು ನೆಲವಾಗುವುದು ಕನ್ನಡ ಜನಪದ ಸ್ಮೃತಿಯಲ್ಲಿ ಬಹಳ ಹಳೆಯ ಸಂಗತಿ. ವೀರಗಲ್ಲು, ಕಥನಗೀತೆ, ಅಜ್ಜಿಕಥೆ, ಸ್ಥಳನಾಮಗಳಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ. ಈ ಸ್ಮೃತಿಯ ಬೆಳಕಿನಲ್ಲಿ ಸಮಕಾಲೀನ ಚಿತ್ರಕಲೆಯ ಈ ಪ್ರವೃತ್ತಿಯನ್ನು ಪರಿಶೀಲಿಸುವುದು ಹಾಗೂ ಯಾರ ಮುಖ ಕರಗುತ್ತಿದೆ, ಕರಗಿದ ಮೇಲೆ ಹೆಸರು ಉಳಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ಎತ್ತುವುದು ಪ್ರಸ್ತುತ ಲೇಖನದ ಉದ್ದೇಶ.

2. ಮುದ್ದೇನಹಳ್ಳಿ: ಒಂದು ಭಾವಚಿತ್ರ, ಹಲವು ಭೂದೃಶ್ಯಗಳು

ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿ ನಂದಿಬೆಟ್ಟಗಳ ಸಾಲಿಗೆ ಹೊಂದಿಕೊಂಡಿರುವ ಗ್ರಾಮ. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಪ್ರದೇಶ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗವಾಯಿತು. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರಲ್ಲಿ (ಕೆಲವು ದಾಖಲೆಗಳಂತೆ 1860ರಲ್ಲಿ) ಹುಟ್ಟಿದ್ದು ಇಲ್ಲಿಯೇ. 1962ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಸಮಾಧಿ ನಿರ್ಮಾಣವಾದದ್ದೂ ಇಲ್ಲಿಯೇ. ಅವರು ಬಾಳಿದ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬರಲಾಗಿದೆ.

ಇಪ್ಪತ್ತನೆಯ ಶತಮಾನದ ಕರ್ನಾಟಕದಲ್ಲಿ ಅತಿ ಹೆಚ್ಚು ಪ್ರಸಾರಗೊಂಡ ಭಾವಚಿತ್ರಗಳಲ್ಲಿ ವಿಶ್ವೇಶ್ವರಯ್ಯನವರದೂ ಒಂದು. ಮೈಸೂರು ಪೇಟ, ಕೋಟು, ನೆಟ್ಟ ನೋಟವುಳ್ಳ ಈ ಚಿತ್ರ ಶಾಲೆ, ಕಚೇರಿ, ಕಾರ್ಖಾನೆ, ತಾಂತ್ರಿಕ ವಿದ್ಯಾಲಯಗಳ ಗೋಡೆಗಳಲ್ಲಿದೆ. ಮಂಡ್ಯ ಸೀಮೆಯ ಅನೇಕ ರೈತರ ಮನೆಗಳಲ್ಲಿ ಅದು ದೇವರ ಪಟಗಳ ಸಾಲಿನಲ್ಲಿಯೇ ಸ್ಥಾನ ಪಡೆದಿದೆ. ಆ ರೈತರು ಚಿತ್ರದ ಮುಂದೆ ಕೈಮುಗಿಯುವಾಗ ಅವರ ಮನಸ್ಸಿನಲ್ಲಿರುವುದು ಕಾಲುವೆಯ ನೀರು, ಕಬ್ಬು ಭತ್ತದ ಗದ್ದೆ. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರ, ಅಲ್ಲಿಂದ ಹೊರಟು ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಸಿಕೊಳ್ಳುವ ಕಾಲುವೆ, ಅದರ ಅಚ್ಚುಕಟ್ಟು ಇವೆಲ್ಲವೂ ಆ ಒಂದು ಮುಖದಲ್ಲಿ ಅಡಕವಾಗಿವೆ. ಅಂದರೆ ಜನರು ಭಾವಚಿತ್ರವನ್ನು ಭೂದೃಶ್ಯವಾಗಿ ಓದುತ್ತಿದ್ದಾರೆ. ಯಾವ ಚಿತ್ರಕಾರನ ನೆರವೂ ಇಲ್ಲದೆ ಈ ರೂಪಾಂತರ ಜನಮನದಲ್ಲಿ ನಡೆದುಹೋಗಿದೆ.

ಹೆಸರಿನ ವಿಷಯದಲ್ಲಿಯೂ ಇದೇ ಕೊಡುಕೊಳ್ಳುವಿಕೆ ಕಾಣುತ್ತದೆ. ಮೋಕ್ಷಗುಂಡಂ ಎಂಬುದು ಇಂದಿನ ಆಂಧ್ರಪ್ರದೇಶದಲ್ಲಿರುವ, ಅವರ ಪೂರ್ವಿಕರ ಊರು. ಊರು ಮನುಷ್ಯನ ಹೆಸರಿನೊಳಗೆ ಸೇರಿತು. ಆ ಮನುಷ್ಯನ ಹೆಸರು ಮತ್ತೆ ನಾಲೆಗೆ ಸೇರಿತು. ನಂದಿಯ ಗಿರಿಸಾಲು ಅರ್ಕಾವತಿ, ಪಿನಾಕಿನಿಗಳಂತಹ ನದಿಗಳ ಉಗಮ ಪ್ರದೇಶವೆಂಬುದೂ ನೀರಾವರಿ ತಜ್ಞರೊಬ್ಬರ ಸ್ಮೃತಿಗೆ ಸಹಜವಾಗಿ ಒದಗಿಬಂದಿದೆ.

ಆದರೆ ಈ ಭೂದೃಶ್ಯದಲ್ಲಿ ಕಾಣದವರೂ ಇದ್ದಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಹುಕಾಲದ ನಂತರ ಬೇರೆಡೆ ಮರುನಿರ್ಮಿಸಲಾಯಿತು. ಊರು ಬಿಟ್ಟವರ, ಕಲ್ಲು ಹೊತ್ತವರ, ಗಾರೆ ಅರೆದವರ ಭಾವಚಿತ್ರಗಳು ಗೋಡೆಗಳ ಮೇಲಿಲ್ಲ. ಅವರು ನೇರವಾಗಿ ಭೂದೃಶ್ಯವಾಗಿದ್ದಾರೆ. ಒಬ್ಬರ ಮುಖ ಉಳಿದು ಹಲವರು ನೆಲವಾಗುವ ಈ ವ್ಯತ್ಯಾಸ ಮುಂದಿನ ಚರ್ಚೆಗೆ ಮುಖ್ಯವಾದುದು.

3. ಹೋಲಿಕೆಯಿಲ್ಲದ ಸ್ಮಾರಕ: ವೀರಗಲ್ಲಿನ ಪಾಠ

ವ್ಯಕ್ತಿಯ ಮುಖವನ್ನು ಯಥಾವತ್ತಾಗಿ ಚಿತ್ರಿಸಿ ನೆನಪಿಡುವ ಪದ್ಧತಿ ಕನ್ನಡ ನಾಡಿನಲ್ಲಿ ವ್ಯಾಪಕವಾದದ್ದು ತಡವಾಗಿ. ದೇವಾಲಯಗಳಲ್ಲಿ ಅರಸರ, ದಾನಿಗಳ ಶಿಲ್ಪಗಳು ಇಲ್ಲದಿಲ್ಲ. ಮುದ್ದೇನಹಳ್ಳಿಗೆ ಸಮೀಪದ ನಂದಿಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿಯೇ ಚೋಳ ಅರಸನದೆಂದು ಗುರುತಿಸಲಾಗುವ ಶಿಲ್ಪವೊಂದಿದೆ. ಆದರೆ ಅಲ್ಲಿಯೂ ಗುರುತಿಗೆ ಆಧಾರವಾಗುವುದು ಚಹರೆಗಿಂತ ಹೆಚ್ಚಾಗಿ ಭಂಗಿ, ಆಭರಣ ಮತ್ತು ಪರಂಪರೆಯ ಮಾತು.

ಸಾಮಾನ್ಯ ಜನರ ಸ್ಮೃತಿಯ ಪ್ರಧಾನ ರೂಪ ವೀರಗಲ್ಲು. ಇದರ ವಿನ್ಯಾಸ ಬಹುಮಟ್ಟಿಗೆ ನಿಶ್ಚಿತವಾದುದು. ಕೆಳಗಿನ ಫಲಕದಲ್ಲಿ ಕಾಳಗ, ನಡುವಿನಲ್ಲಿ ವೀರನನ್ನು ಅಪ್ಸರೆಯರು ಕೊಂಡೊಯ್ಯುವ ದೃಶ್ಯ, ಮೇಲೆ ಲಿಂಗದ ಸನ್ನಿಧಿಯಲ್ಲಿ ಅವನು ಕುಳಿತಿರುವ ಚಿತ್ರಣ. ಎಲ್ಲ ಕಲ್ಲುಗಳಲ್ಲಿಯೂ ಮೂರು ಹಂತಗಳಿರುವುದಿಲ್ಲ. ಹಳೆಯ ಕಲ್ಲುಗಳು ಇನ್ನೂ ಸರಳ. ಯಾವುದರಲ್ಲಿಯೂ ಮುಖ ಆ ನಿರ್ದಿಷ್ಟ ಮನುಷ್ಯನ ಹೋಲಿಕೆಯಾಗಿರಬೇಕೆಂಬ ನಿರೀಕ್ಷೆ ಇಲ್ಲ. ವ್ಯಕ್ತಿಯನ್ನು ನಿರ್ದಿಷ್ಟಗೊಳಿಸುವುದು ಶಾಸನದಲ್ಲಿರುವ ಹೆಸರು, ಅವನು ಮಾಡಿದ ಕಾರ್ಯ, ಕಲ್ಲು ನಿಂತಿರುವ ಸ್ಥಳ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ಹೇಳುವ ಕಲ್ಲು ಕಿತ್ತಯ್ಯನೆಂಬ ವೀರನ ಹೆಸರನ್ನು ಹನ್ನೆರಡು ಶತಮಾನಗಳಾಚೆಗೂ ತಲಪಿಸಿದೆ. ಆತನ ಮುಖ ಹೇಗಿತ್ತೆಂದು ಯಾರೂ ಹೇಳಲಾರರು.

ಆತಕೂರಿನ ಶಾಸನ ಇನ್ನೂ ವಿಶಿಷ್ಟವಾದುದು. ಕ್ರಿ.ಶ. 949-50ರ ಈ ಕಲ್ಲು ಗಂಗ ದೊರೆ ಇಮ್ಮಡಿ ಬೂತುಗನ ಕಡೆಯ ಮಣಲೇರನ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಸ್ಮರಿಸುತ್ತದೆ. ಆ ಕಲ್ಲನ್ನು ಪೂಜಿಸದೆ ಊಟ ಮಾಡಬಾರದೆಂಬ ಕಟ್ಟಳೆಯನ್ನು ಪೂಜಾರಿಗೆ ವಿಧಿಸಿ ಭೂಮಿಯನ್ನು ಬಿಟ್ಟುಕೊಡಲಾಗಿದೆ. ನಾಯಿಯೊಂದರ ಹೆಸರು, ಅದಕ್ಕೆ ಬಿಟ್ಟ ನೆಲ ಮತ್ತು ನಿತ್ಯಪೂಜೆ ಸೇರಿ ಒಂದು ಸ್ಮಾರಕವಾಗಿದೆ. ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಈ ಕಲ್ಲು ತನ್ನ ನೆಲದಿಂದ ಬೇರ್ಪಟ್ಟಿದೆ. ಹೆಸರು ಮಾತ್ರ ಕಲ್ಲಿನೊಡನೆ ಬಂದಿದೆ.

ಶಾಸನವಿಲ್ಲದ ವೀರಗಲ್ಲುಗಳ ಸಂಖ್ಯೆಯೂ ದೊಡ್ಡದೇ. ಅಲ್ಲಿ ಹೆಸರಿನ ಕೆಲಸವನ್ನು ಸ್ಥಳ ವಹಿಸಿಕೊಳ್ಳುತ್ತದೆ. ಕೆರೆ ಏರಿಯ ಮೇಲಿನ ಕಲ್ಲು, ಊರ ಬಾಗಿಲಿನ ಕಲ್ಲು, ಹೊಲದ ಬದುವಿನ ಕಲ್ಲು ಎಂದು ಜನ ಗುರುತಿಸುತ್ತಾರೆ, ವೀರಗಾರನೆಂದು ಎಡೆಯಿಡುತ್ತಾರೆ. ಮಳೆಗಾಳಿಗೆ ಉಬ್ಬುಚಿತ್ರ ಸವೆದು ಮುಖ, ಕತ್ತಿ, ಕುದುರೆ ಒಂದಾಗಿ ಕೊನೆಗೆ ಕಲ್ಲಿನ ಏರುತಗ್ಗು ಮಾತ್ರ ಉಳಿಯುತ್ತದೆ. ಇಂತಹ ಕಲ್ಲನ್ನು ಅರೆ ಅಮೂರ್ತವೆಂದು ಕರೆಯುವುದಾದರೆ, ಆ ಅಮೂರ್ತತೆಯನ್ನು ಕಾಲವೇ ಸಾಧಿಸಿದೆ. ಮುಖ ಅಳಿದರೂ ಪೂಜೆ ನಿಲ್ಲದಿರುವುದಕ್ಕೆ ಕಾರಣ, ಸ್ಮೃತಿ ಮೊದಲಿನಿಂದಲೂ ಮುಖವನ್ನು ಅವಲಂಬಿಸಿರಲಿಲ್ಲ.

4. ನೆಲವಾದ ಹೆಣ್ಣು: ಕಥನಗಳ ಎಚ್ಚರಿಕೆ

ವ್ಯಕ್ತಿ ನೆಲವಾಗುವುದನ್ನು ಕೇವಲ ಸೌಂದರ್ಯದ ಸಂಗತಿಯೆಂದು ತಿಳಿಯದಂತೆ ನಮ್ಮ ಮೌಖಿಕ ಪರಂಪರೆಯೇ ಎಚ್ಚರಿಸುತ್ತದೆ. ‘ಕೆರೆಗೆ ಹಾರ’ ಕಥನಗೀತೆ ಇದಕ್ಕೆ ಪ್ರಬಲ ನಿದರ್ಶನ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬೀಳುವುದಿಲ್ಲ. ಸೊಸೆಯೊಬ್ಬಳನ್ನು ಬಲಿಕೊಡಬೇಕೆಂದು ಹೊತ್ತಿಗೆ ನುಡಿದಾಗ ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಲಾಗುತ್ತದೆ. ಅವಳು ತಿಳಿದೂ ಕೆರೆಗೆ ಇಳಿಯುತ್ತಾಳೆ, ಕೆರೆ ತುಂಬುತ್ತದೆ. ದಂಡಿನಿಂದ ಮರಳಿದ ಗಂಡ ಅದೇ ಕೆರೆಗೆ ಹಾರುತ್ತಾನೆ. ಇಲ್ಲಿ ಭೂದೃಶ್ಯ ಪೂರ್ಣವಾಗಬೇಕಾದರೆ ಒಬ್ಬ ಹೆಣ್ಣುಮಗಳು ಕಾಣೆಯಾಗಬೇಕು. ತುಂಬಿದ ಕೆರೆ ಮಲ್ಲನಗೌಡನ ಕೀರ್ತಿಯಾಗುತ್ತದೆ. ಆದರೆ ಗೀತೆ ಭಾಗೀರಥಿಯ ಹೆಸರನ್ನು ಬಿಟ್ಟುಕೊಡುವುದಿಲ್ಲ. ಕೆರೆ ಮರೆಸುವುದನ್ನು ಹಾಡು ನೆನಪಿಸುತ್ತದೆ. ಹಾಡುವವರು ಬಹುಪಾಲು ಹೆಣ್ಣುಮಕ್ಕಳೆಂಬುದು ಇಲ್ಲಿ ಅರ್ಥಪೂರ್ಣ.

ಎ. ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂಬಿಡುವ ಮರವಾಗುವ ಹುಡುಗಿಯ ಕಥೆ ಮತ್ತೊಂದು ಬಗೆಯದು. ಅವರ ನಿಧನಾನಂತರ 1997ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರಕಟಿಸಿದ ಕಥಾಸಂಗ್ರಹಕ್ಕೆ ಈ ಕಥೆಯ ಹೆಸರನ್ನೇ ಇಡಲಾಗಿದೆ. ಜಾನ್ ಆ್ಯಡಮ್ಸ್ ಇದನ್ನು ಆಧರಿಸಿ ರಚಿಸಿದ ಸಂಗೀತರೂಪಕ 2006ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶನಗೊಂಡಿತು. ಕ್ರಮವರಿತು ನೀರು ಹೊಯ್ದರೆ ಹುಡುಗಿ ಮರವಾಗುತ್ತಾಳೆ, ಮತ್ತೆ ಹೊಯ್ದರೆ ಹುಡುಗಿಯಾಗುತ್ತಾಳೆ. ಹೂ ಕೀಳುವಾಗ ರೆಂಬೆ ಮುರಿಯಬಾರದು. ನಿಯಮ ಮುರಿದವರ ಕೈಗೆ ಸಿಕ್ಕಾಗ ಅವಳು ಅತ್ತ ಮರವೂ ಆಗದೆ ಇತ್ತ ಮನುಷ್ಯಳೂ ಆಗದೆ ಅರ್ಧದಲ್ಲಿ ನಿಲ್ಲುತ್ತಾಳೆ. ಅರೆ ರೂಪಾಂತರದ ನೋವನ್ನು ಇಷ್ಟು ನಿಖರವಾಗಿ ಹೇಳುವ ಕಥೆಗಳು ವಿರಳ. ಮನುಷ್ಯರೂಪವನ್ನು ನಿಸರ್ಗವಾಗಿಸುವವರ ಕೈಯಲ್ಲಿ ಎಷ್ಟು ಹೊಣೆಯಿದೆ, ಹಿಂದಿರುಗುವ ದಾರಿ ತೆರೆದಿದೆಯೇ ಎಂಬ ಪ್ರಶ್ನೆ ಈ ಕಥೆಯಿಂದ ಹುಟ್ಟುತ್ತದೆ. ಈ ಎರಡೂ ಕಥನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಭಾವಚಿತ್ರ ಪರಂಪರೆಯತ್ತ ಬರಬಹುದು.

5. ಚಹರೆಯ ಆಗಮನ: ಆಸ್ಥಾನ, ಸೇನೆ, ಸಮೀಕ್ಷೆ

ಐರೋಪ್ಯ ಭಾವಚಿತ್ರ ಪದ್ಧತಿಯಲ್ಲಿ ವ್ಯಕ್ತಿಯ ಹಿಂದಿನ ಭೂದೃಶ್ಯಕ್ಕೆ ಖಚಿತವಾದ ಕೆಲಸವಿತ್ತು. ಗೇನ್ಸ್‌ಬರೋ ಸುಮಾರು 1750ರಲ್ಲಿ ಚಿತ್ರಿಸಿದ ಆ್ಯಂಡ್ರೂಸ್ ದಂಪತಿಗಳ ಚಿತ್ರದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಹೊಲಗಳೇ ತುಂಬಿವೆ; ಅವು ಆ ದಂಪತಿಗಳ ಆಸ್ತಿ. ನೆಲವನ್ನು ತೋರಿಸುವುದೆಂದರೆ ಒಡೆತನವನ್ನು ಸಾರುವುದು. ಇದೇ ದೃಷ್ಟಿ ಸೇನೆಯೊಡನೆ ಮೈಸೂರು ಸೀಮೆಗೂ ಬಂದಿತು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಅಕ್ಟೋಬರಿನಲ್ಲಿ, ನಂದಿದುರ್ಗ ಕಾರ್ನ್‌ವಾಲಿಸನ ಸೇನೆಯ ವಶವಾಯಿತು. ಆ ಸೇನೆಯೊಡನಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ದೃಶ್ಯಗಳನ್ನು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಈ ದೃಶ್ಯಗಳಲ್ಲಿ ಬೆಟ್ಟ ಎಂದರೆ ಗೆಲ್ಲಬೇಕಾದ ಅಥವಾ ಗೆದ್ದ ಕೋಟೆ.

ಥಾಮಸ್ ಹಿಕಿ 1816ರಲ್ಲಿ ಚಿತ್ರಿಸಿದ ಕಾಲಿನ್ ಮೆಕೆಂಜಿಯ ಭಾವಚಿತ್ರ ಈ ದೃಷ್ಟಿಯಿಂದ ವಿಶೇಷ ಅಧ್ಯಯನಕ್ಕೆ ಅರ್ಹ. ಕೈಫಿಯತ್ತುಗಳ ಸಂಗ್ರಹದಿಂದ ಕನ್ನಡ ಸಂಶೋಧಕರಿಗೆ ಚಿರಪರಿಚಿತನಾದ ಮೆಕೆಂಜಿ ಕೆಂಪು ಸಮವಸ್ತ್ರದಲ್ಲಿ ನಡುವೆ ನಿಂತಿದ್ದಾನೆ. ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ. ದೂರದ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟನ ವಿಗ್ರಹ ಕಾಣುತ್ತದೆ. ಸಹಾಯಕರಲ್ಲಿ ಜೈನ ಪಂಡಿತ ಧರ್ಮಯ್ಯನನ್ನೂ ಕಾವಲಿ ಲಕ್ಷ್ಮಯ್ಯನನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಓಲೆಗರಿಯನ್ನು ಓದಿ ಅರ್ಥ ಹೇಳಿದವರು ಅವರು. ಚಿತ್ರಕ್ಕೆ ಉಳಿದಿರುವ ಹೆಸರು ಮೆಕೆಂಜಿಯದು. ಭಾವಚಿತ್ರದಲ್ಲಿ ಯಾರು ಮುಖ, ಯಾರು ಹಿನ್ನೆಲೆ ಎಂಬುದು ಅಧಿಕಾರದ ಪ್ರಶ್ನೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಹಿಕಿ ಸುಮಾರು 1805ರಲ್ಲಿ ಮೈಸೂರಿನಲ್ಲಿ ಚಿತ್ರಿಸಿದ ಮೂವರು ಸ್ತ್ರೀಯರ ಚಿತ್ರದ ಕಥೆಯೂ ಇಲ್ಲಿ ಉಲ್ಲೇಖನೀಯ. ಅವರನ್ನು ನರ್ತಕಿಯರೆಂದು ಬಹುಕಾಲ ಭಾವಿಸಲಾಗಿತ್ತು. ಅವರು ಮೈಸೂರು ಅರಮನೆಯ ರಾಣಿಯರೆಂದೂ, ಸಿಡುಬಿನ ಹೊಸ ಲಸಿಕೆಯ ಪ್ರಚಾರಕ್ಕೆ ಚಿತ್ರದ ಸಂಬಂಧವಿದೆಯೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಈ ವಾದವನ್ನು ಒಪ್ಪಿದರೆ ಚಿತ್ರದ ಒಂದು ಗೆರೆಯೂ ಬದಲಾಗದೆ ಅದರ ಅರ್ಥ ಪೂರ್ತಿಯಾಗಿ ಬದಲಾಗುತ್ತದೆ. ಹೆಸರು ಸೇರಿಕೊಂಡ ಕೂಡಲೇ ಸೆರಗನ್ನು ತುಸು ಸರಿಸಿದ ತೋಳು ಆರೋಗ್ಯ ಚರಿತ್ರೆಯ ದಾಖಲೆಯಾಗುತ್ತದೆ.

ಮೈಸೂರು ಆಸ್ಥಾನ ಈ ಹೊಸ ಪದ್ಧತಿಯನ್ನು ತನ್ನದೇ ರೀತಿಯಲ್ಲಿ ಅರಗಿಸಿಕೊಂಡಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಸಂತಾನಾಂಬುಜ’ದಲ್ಲಿ ರಾಜವಂಶದ ಮುಖಗಳು ಕಮಲದ ದಳಗಳಲ್ಲಿ ನೆಲೆಗೊಂಡಿವೆ. ವಂಶವೃಕ್ಷದ ಬದಲು ವಂಶಪುಷ್ಪ. ಮುಂದೆ ಮೈಸೂರು ಅರಮನೆಯ ಕಲ್ಯಾಣಮಂಟಪದ 26 ದಸರಾ ಮೆರವಣಿಗೆಯ ಚಿತ್ರಗಳು ಛಾಯಾಚಿತ್ರಗಳನ್ನು ಆಧರಿಸಿ ರಚಿತವಾದವು. ಅವುಗಳಲ್ಲಿ ಅಧಿಕಾರಿಗಳ ಚಹರೆಗಳನ್ನು ಒಬ್ಬೊಬ್ಬರನ್ನಾಗಿ ಗುರುತಿಸುವಷ್ಟು ನಿಖರತೆಯಿದೆ.

ಆದರೆ ಸಾಮಾನ್ಯರ ಮುಖಗಳು ದಾಖಲಾದದ್ದು ಬೇರೆಯ ದಾರಿಯಲ್ಲಿ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಭಾರತದ ಜನರ ಛಾಯಾಚಿತ್ರ ಸಂಗ್ರಹ, 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥ, ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಜಾನಪದ ಅಧ್ಯಯನಕ್ಕೆ ಇಂದಿಗೂ ಆಕರಗಳಾಗಿವೆ. ಇಂತಹ ಸಂಗ್ರಹಗಳ ಛಾಯಾಚಿತ್ರಗಳಲ್ಲಿ ಮುಖ ಸ್ಪಷ್ಟವಾಗಿರುತ್ತದೆ, ಕೆಳಗೆ ಸಮುದಾಯದ ಹೆಸರಿರುತ್ತದೆ. ವ್ಯಕ್ತಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ವೀರಗಲ್ಲಿನ ಸ್ಥಿತಿ ಇಲ್ಲಿ ತಲೆಕೆಳಗಾಗಿದೆ. ವೀರಗಲ್ಲಿನಲ್ಲಿ ಮುಖವಿಲ್ಲ, ಹೆಸರಿದೆ. ಜನಾಂಗೀಯ ಛಾಯಾಚಿತ್ರದಲ್ಲಿ ಮುಖವಿದೆ, ಹೆಸರಿಲ್ಲ. ಚಾರಿತ್ರಿಕ ಭಾವಚಿತ್ರಗಳ ಮರುರಚನೆಯನ್ನು ಅರ್ಥೈಸುವಾಗ ಈ ಭೇದವೇ ನಿರ್ಣಾಯಕವಾದುದು.

6. ಸಮಕಾಲೀನ ಕೃತಿಗಳು

ಕರ್ನಾಟಕದಲ್ಲಿ ಈ ಹಾದಿಯ ಪೂರ್ವಸೂರಿಯೆಂದು ಕೆ. ವೆಂಕಟಪ್ಪ (1886-1965) ಅವರನ್ನು ನೆನೆಯಬಹುದು. ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲಿತ ಅವರು ದಂತದ ಮೇಲೆ ಸೂಕ್ಷ್ಮ ಭಾವಚಿತ್ರಗಳನ್ನು ರಚಿಸಬಲ್ಲವರಾಗಿದ್ದರು. ಅರಮನೆಗಾಗಿ ಉಬ್ಬುಶಿಲ್ಪಗಳನ್ನೂ ಮಾಡಿದರು. ಅದೇ ಕೈ ಉದಕಮಂಡಲ ಮತ್ತು ಕೊಡೈಕೆನಾಲ್‌ಗಳ ಜಲವರ್ಣಗಳಲ್ಲಿ ಮನುಷ್ಯರನ್ನು ಬಹುತೇಕ ಕೈಬಿಟ್ಟು ಮಂಜು, ಬೆಳುದಿಂಗಳು, ಸರೋವರಗಳತ್ತ ತಿರುಗಿತು. ಮುಖದಲ್ಲಿ ಹುಡುಕುತ್ತಿದ್ದ ಸೂಕ್ಷ್ಮ ಬೆಳಕನ್ನು ಅವರು ಬೆಟ್ಟದ ಇಳುಕಲಿನಲ್ಲಿ ಹುಡುಕಿದರು. ಆದರೆ ಅವರಲ್ಲಿ ಎರಡು ಪ್ರಕಾರಗಳು ಬೇರೆಬೇರೆಯಾಗಿಯೇ ಉಳಿದವು.

ಎರಡನ್ನೂ ಒಂದೇ ಕ್ಯಾನ್ವಾಸಿನಲ್ಲಿ ಬೆಸೆದವರಲ್ಲಿ ಎಸ್. ಜಿ. ವಾಸುದೇವ್ ಪ್ರಮುಖರು. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಮದ್ರಾಸಿನಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಅವರಲ್ಲಿ ಕಲಿತು, 1966ರಲ್ಲಿ ಸ್ಥಾಪನೆಯಾದ ಚೋಳಮಂಡಲ ಕಲಾವಿದರ ಗ್ರಾಮದ ಆರಂಭಿಕ ಸದಸ್ಯರಲ್ಲಿ ಒಬ್ಬರಾದರು. ಬೇಂದ್ರೆಯವರ ಕಲ್ಪವೃಕ್ಷದ ಪ್ರತಿಮೆಯಿಂದ ಪ್ರೇರಿತವಾದ ವೃಕ್ಷಮಾಲಿಕೆ, ರಾಮಾನುಜನ್ ಕವಿತೆಗಳಿಗೆ ಸ್ಪಂದಿಸಿದ ರೇಖಾಚಿತ್ರಗಳು, ‘ಹ್ಯೂಮನ್‌ಸ್ಕೇಪ್ಸ್’, ‘ಅರ್ತ್‌ಸ್ಕೇಪ್ಸ್’ ಎಂಬ ಮಾಲಿಕೆಗಳು ಅವರ ಸಾಧನೆಯ ಹಂತಗಳು. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 2018ರಲ್ಲಿ ಅವರ ಸಮಗ್ರ ಪ್ರದರ್ಶನ ನಡೆಯಿತು. ಮಾಲಿಕೆಗಳ ಹೆಸರುಗಳೇ ಸೂಚಿಸುವಂತೆ ಇಲ್ಲಿ ಮನುಷ್ಯ ಮತ್ತು ನೆಲ ಒಂದೇ ಹೆಣಿಗೆಯ ಎಳೆಗಳು. ಮುಖಗಳು ಬಣ್ಣದ ಪದರಗಳೊಳಗಿಂದ ಹೊಮ್ಮಿ ಮತ್ತೆ ಮರದಲ್ಲಿ, ಮಣ್ಣಿನಲ್ಲಿ ಸೇರಿಕೊಳ್ಳುತ್ತವೆ. ಆದರೆ ಅವು ಗೊತ್ತಾದ ಚಾರಿತ್ರಿಕ ವ್ಯಕ್ತಿಗಳ ಮುಖಗಳಲ್ಲ. ಆದ್ದರಿಂದ ಇಲ್ಲಿ ಕರಗುವಿಕೆಯಿಂದ ಯಾರ ಹೆಸರಿಗೂ ಲೋಪವಿಲ್ಲ. ಹೂಬಿಡುವ ಮರದ ಕಥೆಯಂತೆ ಹೋಗುವ ದಾರಿಯೂ ಮರಳುವ ದಾರಿಯೂ ತೆರೆದಿವೆ.

ಗೊತ್ತಾದ ಭಾವಚಿತ್ರವನ್ನೇ ಎತ್ತಿಕೊಂಡು ಕೆಡಹುವ ಪ್ರವೃತ್ತಿ ಯುರೋಪಿನಲ್ಲಿ ಬಲವಾಗಿದೆ. ವೆಲಾಸ್ಕೆಜ್ 1650ರಲ್ಲಿ ಚಿತ್ರಿಸಿದ ಪೋಪ್ ಹತ್ತನೆಯ ಇನ್ನೊಸೆಂಟನ ಭಾವಚಿತ್ರವನ್ನು ಫ್ರಾನ್ಸಿಸ್ ಬೇಕನ್ 1953ರ ತನ್ನ ಪ್ರಸಿದ್ಧ ಕೃತಿಯಲ್ಲಿ ಕಿರುಚುವ ಆಕೃತಿಯಾಗಿಸಿದ. 1966ರಲ್ಲಿ ಹುಟ್ಟಿದ ಗ್ಲೆನ್ ಬ್ರೌನ್ ಹಿಂದಿನ ಚಿತ್ರಕಾರರ ಭಾವಚಿತ್ರಗಳನ್ನು ಸುರುಳಿಸುರುಳಿಯಾದ ಬಣ್ಣದ ಹರಿವುಗಳಾಗಿ ಮಾರ್ಪಡಿಸಿದ್ದಾರೆ. ಈ ಸಂವಾದಕ್ಕೆ ಬೆಂಗಳೂರೂ ದನಿಗೂಡಿಸಿದೆ. ಯೂಸುಫ್ ಅರಕ್ಕಲ್ (1945-2016) ಅವರಿಗೆ 2005ರ ಫ್ಲಾರೆನ್ಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಚಿನ್ನದ ಪದಕ ತಂದ ಕೃತಿಯ ಶೀರ್ಷಿಕೆಯಲ್ಲಿಯೇ ಬೇಕನ್ನನ ಹೆಸರಿದೆ. ಪೋಪ್, ಅರಸ, ಜಮೀನುದಾರರ ಮುಖಗಳನ್ನು ಹೀಗೆ ಕರಗಿಸುವುದು ಅಧಿಕಾರವನ್ನು ನೆಲಕ್ಕಿಳಿಸುವ ಕ್ರಿಯೆ. ನೆಲದ ಒಡೆಯನೆಂದು ಚಿತ್ರಿಸಿಕೊಂಡವನು ತಾನೇ ನೆಲವಾಗುತ್ತಾನೆ. ಅವನ ಹೆಸರಾದರೋ ಇತಿಹಾಸದ ಪುಟಗಳಲ್ಲಿ ಭದ್ರವಾಗಿರುವುದರಿಂದ ಮುಖ ಹೋದರೂ ಅವನು ಮರೆಯಾಗುವುದಿಲ್ಲ.

ಹೆಸರಿಲ್ಲದವರ ಭಾವಚಿತ್ರಕ್ಕೆ ಇದೇ ಚಿಕಿತ್ಸೆ ಸಲ್ಲದು. ಅವರಲ್ಲಿ ಉಳಿದಿರುವುದು ಮುಖವೊಂದೇ. ಅದನ್ನೂ ಕರಗಿಸಿದರೆ ಎರಡನೆಯ ಬಾರಿ ಅಳಿಸಿದಂತಾಗುತ್ತದೆ. ಈ ತೊಡಕನ್ನು ಮೀರುವ ಮತ್ತೊಂದು ದಾರಿಯನ್ನು 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಲಾವಿದೆ ಎನ್. ಪುಷ್ಪಮಾಲಾ ತೋರಿಸಿದ್ದಾರೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ರೂಪಿಸಿದ, ದಕ್ಷಿಣ ಭಾರತದ ದೇಶೀಯ ಸ್ತ್ರೀಯರನ್ನು ಕುರಿತ ಅವರ ಛಾಯಾಚಿತ್ರ ಮಾಲಿಕೆಯ ಶೀರ್ಷಿಕೆ ‘ರೀತಿನೀತಿ, ಆಚಾರವಿಚಾರ’ ಎಂಬ ವಸಾಹತು ಕಾಲದ ಗ್ರಂಥಗಳ ಧಾಟಿಯನ್ನೇ ಅಣಕಿಸುತ್ತದೆ. ರವಿವರ್ಮನ ಲಕ್ಷ್ಮಿ, ಬೆಳುದಿಂಗಳಿನ ಹೆಣ್ಣು, ಬಿಜಾಪುರ ಶೈಲಿಯ ಯೋಗಿನಿ, ವೇಳಾಂಕಣಿ ಮಾತೆ ಮುಂತಾದ ಪರಿಚಿತ ಚಿತ್ರಗಳನ್ನು ಅವರು ತಾವೇ ವೇಷ ಧರಿಸಿ ಮರುಸೃಷ್ಟಿಸಿದರು. ಜನಾಂಗೀಯ ಮಾಲಿಕೆಯಲ್ಲಿ ಅಳತೆಯ ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ದೇಹವನ್ನು ಅಳೆಯುತ್ತಿದ್ದ ಪದ್ಧತಿಯನ್ನು ಮರಳಿ ಅಭಿನಯಿಸಿ ತೋರಿಸಿದರು. ಇಲ್ಲಿ ಮುಖ ಕರಗುವುದಿಲ್ಲ. ಮತ್ತೊಬ್ಬ ಹೆಣ್ಣು ತನ್ನ ಮುಖವನ್ನು ಆ ಜಾಗಕ್ಕೆ ಒಡ್ಡುತ್ತಾಳೆ. ಹಿಂದಿನ ಕೊಳ, ಚಂದ್ರ, ಬೆಟ್ಟಗಳು ಪರದೆಯ ಮೇಲೆ ಬಣ್ಣದಲ್ಲಿ ಬರೆದವು ಎಂಬುದು ಎದ್ದು ಕಾಣುತ್ತದೆ. ಭೂದೃಶ್ಯವು ಹೆಣ್ಣಿನ ಸಹಜ ಆವರಣವೆಂಬ ನಂಬಿಕೆಯನ್ನೇ ಈ ಪರದೆಗಳು ಪ್ರಶ್ನಿಸುತ್ತವೆ. ‘ಕೆರೆಗೆ ಹಾರ’ದ ಹಾಡುಗಾರ್ತಿಯರು ಭಾಗೀರಥಿಯ ಪರವಾಗಿ ಮಾಡಿದ ಕೆಲಸಕ್ಕೂ ಇದಕ್ಕೂ ಸಾಮ್ಯವಿದೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ವ್ಯಕ್ತಿ ಭೂದೃಶ್ಯವಾಗುವುದು ಆಧುನಿಕ ಚಿತ್ರಕಲೆ ಕಂಡುಹಿಡಿದ ಹೊಸ ಕ್ರಮವಲ್ಲ. ವೀರಗಲ್ಲು, ಕಥನಗೀತೆ, ಸ್ಥಳನಾಮಗಳು ಅದನ್ನು ಬಹುಕಾಲದಿಂದ ಅರಿತಿವೆ. ಈ ಪರಂಪರೆಯಲ್ಲಿ ಮುಖದ ನಷ್ಟವನ್ನು ಹೆಸರು, ಸ್ಥಳ, ಆಚರಣೆಗಳು ತುಂಬಿಕೊಡುತ್ತವೆ. ಆದುದರಿಂದ ಸಮಕಾಲೀನ ಕೃತಿಯೊಂದನ್ನು ಬೆಲೆಗಟ್ಟುವಾಗ ಅದು ಎಷ್ಟು ಅಮೂರ್ತವಾಗಿದೆ ಎನ್ನುವುದರ ಜೊತೆಗೆ, ಮೂಲ ಭಾವಚಿತ್ರದಲ್ಲಿದ್ದವರು ಯಾರು, ಅವರ ಹೆಸರು ಬೇರೆಲ್ಲಿಯಾದರೂ ಉಳಿದಿದೆಯೇ, ಅವರು ಸೇರಿಹೋದ ನೆಲ ಯಾರದು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಈ ಪ್ರಶ್ನೆಗಳು ಗ್ರಂಥಾಲಯ ಮತ್ತು ಸಂಗ್ರಹಾಲಯಗಳಿಗೂ ಅನ್ವಯಿಸುತ್ತವೆ. ಮರುರಚನೆಗೊಂಡ ಕೃತಿಯನ್ನು ಸೂಚಿಯಲ್ಲಿ ದಾಖಲಿಸುವಾಗ ಕಲಾವಿದರ ಹೆಸರು, ಶೀರ್ಷಿಕೆ, ವರ್ಷಗಳನ್ನು ಮಾತ್ರ ನಮೂದಿಸುವುದು ವಾಡಿಕೆ. ಆಧಾರವಾದ ಭಾವಚಿತ್ರ ಯಾವುದು, ಅದರಲ್ಲಿರುವವರು ಯಾರು, ಅದು ಎಲ್ಲಿ ರಚಿತವಾಯಿತು ಎಂಬ ವಿವರಗಳನ್ನೂ ಸೇರಿಸಿದರೆ ಮುಂದಿನ ಸಂಶೋಧಕರಿಗೆ ದಾರಿ ಸಿಗುತ್ತದೆ. ಜನಾಂಗೀಯ ಸಂಪುಟಗಳಲ್ಲಿರುವ ಅನಾಮಧೇಯ ಛಾಯಾಚಿತ್ರಗಳನ್ನು ಅವು ತೆಗೆಯಲಾದ ಊರುಗಳಿಗೆ ಮರಳಿ ಒಯ್ದು ತೋರಿಸುವ ಕ್ಷೇತ್ರಕಾರ್ಯ ನಡೆದರೆ ಕೆಲವು ಹೆಸರುಗಳಾದರೂ ಹಿಂದಿರುಗಿ ಬರಬಹುದು. ಹಿಕಿಯ ಮೂವರು ಸ್ತ್ರೀಯರ ಚಿತ್ರದ ಉದಾಹರಣೆ ಇದರ ಸಾಧ್ಯತೆಯನ್ನು ತೋರಿಸಿದೆ.

ಮುದ್ದೇನಹಳ್ಳಿಯ ಭಾವಚಿತ್ರದಲ್ಲಿ ಒಂದು ಅಣೆಕಟ್ಟಿನ ಇಡೀ ಸೀಮೆಯನ್ನು ಕಾಣಬಲ್ಲ ಜನ, ಆ ಸೀಮೆಯಲ್ಲಿ ಅಡಗಿರುವ ಇತರ ಮುಖಗಳನ್ನೂ ಕಾಣಬಲ್ಲರು. ಅದಕ್ಕೆ ಬೇಕಾದ ಹೆಸರುಗಳನ್ನು ಒದಗಿಸುವುದು ಜಾನಪದ ಸಂಶೋಧನೆಯ ಕೆಲಸ. ಕರಗಿದ ಮುಖದ ಪಕ್ಕದಲ್ಲಿ ಆ ಹೆಸರುಗಳಿಗೆ ಎಡೆ ಮಾಡಿಕೊಡುವುದು ಕಲಾವಿದರ ಹಾಗೂ ದಾಖಲೆಗಾರರ ಕೆಲಸ.